ಕೇಳದ ಮಾಹಿತಿಗೆ ಕಳ್ಳರಿಲ್ಲ



ಶಾಲೆ ಕಾಲೇಜುಗಳು ವಿದ್ಯಾರ್ಥಿಗಳಿಂದ ಪಡೆದಿಟ್ಟುಕೊಳ್ಳುವ ವೈಯಕ್ತಿಕ ಮಾಹಿತಿ ಮತ್ತು ಆ ಮಾಹಿತಿ ಪರರ ಕೈಸೇರಿದಾಗ ನಡೆಯುವ ಗುರುತಿನ ಕಳವು, ಇದು ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ. ಈ ಮಾತು ಎಲ್ಲಿ ಬಂದರೂ ಬೇಗನೆ ಬುದ್ಧಿವಾದಕ್ಕೆ ತಿರುಗುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಬದಲಿಸುತ್ತಿರಿ ಎಂದು ಮಕ್ಕಳಿಗೆ ಹೇಳಿ ಸಭೆ ಮುಗಿಸುತ್ತೇವೆ. ಆ ಬುದ್ಧಿವಾದದಲ್ಲಿ ತಪ್ಪೇನೂ ಇಲ್ಲ. ಆದರೆ ಒಂದನೇ ತರಗತಿಗೆ ಸೇರುವ ಮಗುವಿನ ಆಧಾರ್ ಸಂಖ್ಯೆ, ಜನ್ಮದಿನಾಂಕ, ತಂದೆತಾಯಿಯ ಹೆಸರು, ಜಾತಿ, ಕುಟುಂಬದ ಆದಾಯ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಇಷ್ಟೂ ಒಂದೇ ಕಡತಕ್ಕೆ ಸೇರುವಾಗ ಆ ಮಗುವಿನ ಕೈಯಲ್ಲಿ ಏನೂ ಇರುವುದಿಲ್ಲ. ಕೊಡುವುದಿಲ್ಲ ಎನ್ನುವ ಧೈರ್ಯ ಹೆತ್ತವರಿಗೂ ಬರುವುದಿಲ್ಲ, ಎಲ್ಲಿ ಸೀಟು ತಪ್ಪೀತೋ ಎಂಬ ಅಂಜಿಕೆ. ಆ ಕಡತವನ್ನು ಎಲ್ಲಿಡಬೇಕು, ಯಾರಿಗೆ ತೋರಿಸಬೇಕು, ಎಷ್ಟು ವರ್ಷ ಉಳಿಸಬೇಕು ಎಂದು ತೀರ್ಮಾನಿಸುವುದು ಸಂಸ್ಥೆ. ತೀರ್ಮಾನ ಯಾರದೋ ಹೊಣೆಯೂ ಅವರದೇ ಆಗಬೇಕು. ನನ್ನ ವಾದ ಇಷ್ಟೆ: ವಿದ್ಯಾರ್ಥಿಯ ಗುರುತನ್ನು ಕಾಯುವ ಕೆಲಸ ಅರ್ಜಿ ನಮೂನೆಯಲ್ಲೇ ಶುರುವಾಗಬೇಕು. ಬೇಡದ್ದನ್ನು ಕೇಳದಿರುವುದು ಮೊದಲ ಕಾವಲು, ಕಂಪ್ಯೂಟರಿನ ಭದ್ರತೆಯೆಲ್ಲ ಅದಾದ ಮೇಲಿನ ಮಾತು.

ಬೇರೆ ಕಳವುಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಕಾಲದ್ದು. ಹೆಸರು, ಜನ್ಮದಿನಾಂಕ, ಗುರುತಿನ ಸಂಖ್ಯೆ ಕಳುವಾದ ಮೇಲೂ ಅವು ನಮ್ಮ ಬಳಿಯೇ ಇರುತ್ತವೆ, ಹಾಗಾಗಿ ಕಳೆದುಕೊಂಡದ್ದು ತಿಳಿಯುವುದೇ ಇಲ್ಲ. ದೊಡ್ಡವರಿಗಾದರೆ ಸಾಲಕ್ಕೆ ಹೋದಾಗಲೋ ತೆರಿಗೆ ಕಟ್ಟುವಾಗಲೋ ಬಯಲಾದೀತು. ವಿದ್ಯಾರ್ಥಿಗೆ ಸಾಲವೂ ಇಲ್ಲ, ತೆರಿಗೆಯೂ ಇಲ್ಲ. ಕಳ್ಳನಿಗೆ ಅದೇ ಅನುಕೂಲ: ಕಲೆಯಿಲ್ಲದ ಹೆಸರು, ವರ್ಷಗಟ್ಟಲೆ ಯಾರೂ ತೆಗೆದು ನೋಡದ ದಾಖಲೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸೈಲ್ಯಾಬ್ 2011ರಲ್ಲಿ ಹೊರತಂದ ವರದಿಯೊಂದು 40 ಸಾವಿರಕ್ಕೂ ಹೆಚ್ಚು ಮಕ್ಕಳ ಗುರುತಿನ ಸಂಖ್ಯೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 10.2ರಷ್ಟನ್ನು ಬೇರೆ ಯಾರೋ ಬಳಸುತ್ತಿರುವುದನ್ನು ಕಂಡಿತು. ದೊಡ್ಡವರಲ್ಲಿ ಕಂಡ ಪ್ರಮಾಣಕ್ಕೆ ಇದು 51 ಪಟ್ಟು. ಆ ಮಕ್ಕಳೆಲ್ಲ ಒಂದು ಗುರುತು ರಕ್ಷಣಾ ಸೇವೆಗೆ ಹೆಸರು ಕೊಟ್ಟಿದ್ದವರು, ಆದ್ದರಿಂದ ಇಡೀ ದೇಶಕ್ಕೆ ಈ ಲೆಕ್ಕವನ್ನು ಹಾಗೆಯೇ ಹಚ್ಚಲಾಗದು. ಅಷ್ಟು ಕಳೆದರೂ ಮಕ್ಕಳ ಹೆಸರು ಕಳ್ಳರಿಗೆ ಪ್ರಿಯ ಎಂಬ ಮಾತು ನಿಲ್ಲುತ್ತದೆ. ಸಿಕ್ಕವರಲ್ಲಿ ಅತಿ ಕಿರಿಯದು ಐದು ತಿಂಗಳ ಕೂಸು.

ನಮ್ಮಲ್ಲಿ ಕಳವಿನ ರೂಪ ಸ್ವಲ್ಪ ಬೇರೆ. ಇಲ್ಲಿ ಕದ್ದ ಗುರುತು ಸಿಮ್ ಕಾರ್ಡ್ ಆಗುತ್ತದೆ, ಪ್ಯಾನ್ ಸಂಖ್ಯೆಯ ಮೇಲೆ ಕಟ್ಟಿದ ಹುಸಿ ಕಂಪನಿಯಾಗುತ್ತದೆ, ವಂಚನೆಯ ಹಣ ಹಾಯುವ ಮ್ಯೂಲ್ ಖಾತೆಯಾಗುತ್ತದೆ. 2024ರ ಮಾರ್ಚ್‌ನಲ್ಲಿ ಗ್ವಾಲಿಯರ್‌ನ ಒಬ್ಬ ಕಾಲೇಜು ವಿದ್ಯಾರ್ಥಿ ಪೊಲೀಸರ ಬಳಿಗೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅವನ ಪ್ಯಾನ್ ಬಳಸಿ 2021ರಲ್ಲಿ ಯಾರೋ ಕಂಪನಿ ನೋಂದಾಯಿಸಿದ್ದರು. 46 ಕೋಟಿ ರೂಪಾಯಿಯ ವ್ಯವಹಾರಕ್ಕೆ ಸಂಬಂಧಿಸಿ ಆದಾಯ ತೆರಿಗೆಯ ನೋಟಿಸ್ ಬಂದ ಮೇಲೆಯೇ ಅವನಿಗೆ ವಿಷಯ ತಿಳಿದದ್ದು. ಪ್ಯಾನ್‌ನ ಪ್ರತಿ ಯಾವ ಮೇಜಿನಿಂದ ಜಾರಿತು ಎಂದು ಅವನು ಹೇಗೆ ತಾನೇ ತೋರಿಸಿಯಾನು? ದಾಖಲಾತಿ, ವಿದ್ಯಾರ್ಥಿವೇತನ, ಹಾಸ್ಟೆಲ್, ಕ್ಯಾಂಪಸ್ ಸಂದರ್ಶನ, ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿ ಎಂದು ಒಬ್ಬ ವಿದ್ಯಾರ್ಥಿಯ ದಾಖಲೆಗಳು ಹತ್ತು ಕಡೆ ಉಳಿದಿರುತ್ತವೆ. ಕಳವು ಎಲ್ಲಿಂದ ಎಂದು ಸಾಬೀತು ಮಾಡಲಾಗದ ಈ ಸ್ಥಿತಿಯೇ ಸಂಸ್ಥೆಗಳನ್ನು ನಿಶ್ಚಿಂತವಾಗಿಟ್ಟಿದೆ.

ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದು ಎಡವಿದ ದೇಶ ಅಮೆರಿಕ. ಅಲ್ಲಿನ ಅನುಭವವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅದರಲ್ಲಿ ಒಂದು ಪೂರ್ತಿ ಸುತ್ತು ಮುಗಿದಿದೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ 1936ರಲ್ಲಿ ಹುಟ್ಟಿದ್ದು ದುಡಿಯುವವರ ಗಳಿಕೆಯ ಲೆಕ್ಕವಿಟ್ಟು ಮುಂದೆ ಪಿಂಚಣಿ ಕೊಡುವುದಕ್ಕೆ. ಕಂಪ್ಯೂಟರ್‌ಗಳು ಕಚೇರಿಗೆ ಬಂದ ಕಾಲಕ್ಕೆ ವಿಶ್ವವಿದ್ಯಾಲಯಗಳಿಗೆ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದು ಸಂಖ್ಯೆ ಬೇಕಾಯಿತು. ಹೊಸದನ್ನು ಕೊಡುವ ಶ್ರಮವೇಕೆ ಎಂದು ಕೈಗೆ ಸಿದ್ಧವಾಗಿ ಸಿಕ್ಕ ಈ ಸಂಖ್ಯೆಯನ್ನೇ ಅನೇಕ ವಿಶ್ವವಿದ್ಯಾಲಯಗಳು ಎತ್ತಿಕೊಂಡವು. ಗುರುತಿನ ಚೀಟಿಯ ಮೇಲೆ ಅದು ಅಚ್ಚಾಯಿತು, ಹಾಜರಿ ಪಟ್ಟಿಯಲ್ಲಿ ಕೈಯಿಂದ ಕೈಗೆ ಹೋಯಿತು, ಪರೀಕ್ಷೆಯ ಫಲಿತಾಂಶದ ಜೊತೆ ಅಧ್ಯಾಪಕರ ಕೋಣೆಯ ಬಾಗಿಲಿಗೂ ಅಂಟಿತು. ಶೈಕ್ಷಣಿಕ ದಾಖಲೆಗಳ ಖಾಸಗಿತನವನ್ನು ಕಾಯುವ ಕಾನೂನು ಅಲ್ಲಿ 1974ರಲ್ಲೇ ಬಂದಿತ್ತು. ಆದರೂ ಈ ರೂಢಿ ನಿಲ್ಲಲಿಲ್ಲ. 1992ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, ಹೆಸರು ಮತ್ತು ಆ ಸಂಖ್ಯೆ ಎರಡೂ ಇರುವ ತರಗತಿ ಪಟ್ಟಿ ಹಂಚುವುದಕ್ಕೆ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯ ತಡೆ ಕೊಡಬೇಕಾಯಿತು.

ಅಷ್ಟರಲ್ಲಿ ಬ್ಯಾಂಕುಗಳು ಮತ್ತು ಸಾಲ ಕೊಡುವ ಕಂಪನಿಗಳು ಇನ್ನೊಂದು ತಪ್ಪನ್ನು ರೂಢಿಗೆ ತಂದಿದ್ದವು. ಯಾರು ಈ ಸಂಖ್ಯೆಯನ್ನು ಸರಿಯಾಗಿ ಹೇಳುತ್ತಾರೋ ಅವರೇ ಆ ಮನುಷ್ಯ ಎಂದು ನಂಬತೊಡಗಿದವು. ಬಾಗಿಲ ಮೇಲೆ ಎಲ್ಲರಿಗೂ ಕಾಣುವಂತೆ ಬರೆದ ಮನೆ ನಂಬರನ್ನೇ ಬೀಗದ ಕೈಯಾಗಿ ಬಳಸಿದ ಹಾಗಾಯಿತು. ಇದರ ಫಲ 2003ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಅಲ್ಲಿಯ ಒಂದು ಜಾಲಪುಟ ಈ ಸಂಖ್ಯೆ ಕೊಟ್ಟವರಿಗೆ ಮಾಹಿತಿ ತೆರೆಯುತ್ತಿತ್ತು. ಅದೇ ಕ್ಯಾಂಪಸ್ಸಿನ ಒಬ್ಬ ವಿದ್ಯಾರ್ಥಿ ಒಂದಾದ ಮೇಲೊಂದು ಸಂಖ್ಯೆ ತುಂಬುತ್ತ ಹೋಗುವ ಪ್ರೋಗ್ರಾಮ್ ಬರೆದು ಸುಮಾರು 55 ಸಾವಿರ ಜನರ ಹೆಸರು ಮತ್ತು ಸಂಖ್ಯೆಗಳನ್ನು ಎತ್ತಿಕೊಂಡ. 2006ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ ತನ್ನ ದತ್ತಾಂಶಕ್ಕೆ ಕನ್ನ ಬಿದ್ದಿದೆ ಎಂದು ಸುಮಾರು 8 ಲಕ್ಷ ಜನರಿಗೆ ತಿಳಿಸಿತು. ಅವರಲ್ಲಿ ಕೇವಲ ಅರ್ಜಿ ಹಾಕಿದವರೂ ಇದ್ದರು, ಹಣದ ನೆರವು ಕೇಳಿ ಅರ್ಜಿ ಬರೆದ ಪೋಷಕರೂ ಇದ್ದರು. ಸೀಟು ಸಿಗದವರ ಮಾಹಿತಿಯನ್ನು ಸಂಸ್ಥೆ ಏಕೆ ಉಳಿಸಿಕೊಂಡಿತ್ತು ಎಂಬ ಪ್ರಶ್ನೆಗೆ ಅಭ್ಯಾಸಬಲ ಎಂಬುದನ್ನು ಬಿಟ್ಟರೆ ಬೇರೆ ಉತ್ತರ ನನಗೆ ಕಾಣುವುದಿಲ್ಲ. 2009ರಲ್ಲಿ ಕಾರ್ನೆಗಿ ಮೆಲನ್‌ನ ಅಲೆಸ್ಸಾಂಡ್ರೊ ಅಕ್ವಿಸ್ತಿ ಮತ್ತು ರಾಲ್ಫ್ ಗ್ರಾಸ್, ಹುಟ್ಟಿದ ದಿನ ಮತ್ತು ರಾಜ್ಯ ಗೊತ್ತಿದ್ದರೆ ಈ ಸಂಖ್ಯೆಯನ್ನು ಬಹುಮಟ್ಟಿಗೆ ಊಹಿಸಬಹುದೆಂದು ತೋರಿಸಿದರು. 2011ರ ಜೂನ್‌ನಿಂದ ಸರ್ಕಾರ ಸಂಖ್ಯೆ ಕೊಡುವ ಕ್ರಮವನ್ನೇ ಬದಲಿಸಿತು. ಈ ನಡುವೆ ಹಲವು ರಾಜ್ಯಗಳು ಆ ಸಂಖ್ಯೆಯನ್ನು ವಿದ್ಯಾರ್ಥಿ ಸಂಖ್ಯೆಯಾಗಿ ಬಳಸುವುದಕ್ಕೆ ಕಾನೂನಿನ ಕಡಿವಾಣ ಹಾಕಿದವು, ವಿಶ್ವವಿದ್ಯಾಲಯಗಳು ಅಪಾರ ಖರ್ಚು ಮಾಡಿ ತಮ್ಮದೇ ಸಂಖ್ಯೆಗಳಿಗೆ ಬದಲಾದವು. ಮೊದಲ ದಿನವೇ ಹೊಸ ಸಂಖ್ಯೆ ಕೊಟ್ಟಿದ್ದರೆ ಆ ಖರ್ಚಿನಲ್ಲಿ ಒಂದು ಪಾಲೂ ಆಗುತ್ತಿರಲಿಲ್ಲ.

ಅಭ್ಯಾಸ ಮಾತ್ರ ಪೂರ್ತಿ ಹೋಗಲಿಲ್ಲ. ಅಲ್ಲಿನ ಸಾವಿರಾರು ಶಾಲೆಗಳು ಹಾಜರಿ, ಅಂಕ, ವಿಳಾಸ, ಆರೋಗ್ಯದ ಟಿಪ್ಪಣಿ ಎಲ್ಲವನ್ನೂ ಒಪ್ಪಿಸಿದ್ದ ಪವರ್‌ಸ್ಕೂಲ್ ಎಂಬ ಕಂಪನಿಗೆ 2024ರ ಡಿಸೆಂಬರ್‌ನಲ್ಲಿ ಕನ್ನ ಬಿತ್ತು. ಕದ್ದ ಒಂದು ಲಾಗಿನ್ ಸಾಕಾಯಿತು. ಸುಮಾರು 6 ಕೋಟಿ ವಿದ್ಯಾರ್ಥಿಗಳ ಮಾಹಿತಿ ಹೋಯಿತೆಂದು ಅಮೆರಿಕದ ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಹೇಳಿದರು. ತಪ್ಪೊಪ್ಪಿಕೊಂಡವನು 19 ವರ್ಷದ ಕಾಲೇಜು ವಿದ್ಯಾರ್ಥಿ. ಮಾಹಿತಿ ಅಳಿಸುತ್ತೇವೆ ಎಂಬ ಮಾತನ್ನು ನಂಬಿ ಕಂಪನಿ ಹಣವನ್ನೂ ಕೊಟ್ಟಿತ್ತು. ಕೆಲವು ತಿಂಗಳಾದ ಮೇಲೆ ಅದೇ ಮಾಹಿತಿ ಹಿಡಿದು ಶಾಲಾ ಮಂಡಳಿಗಳಿಗೇ ನೇರವಾಗಿ ಬೆದರಿಕೆ ಬಂತು. ಆದರೆ ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಕೆನಡಾದ ಟೊರಾಂಟೊ ಜಿಲ್ಲಾ ಶಾಲಾ ಮಂಡಳಿ ತನ್ನಲ್ಲಿ 1985ರಿಂದ ಓದಿದವರ ಮಾಹಿತಿಯೂ ಹೋಗಿರಬಹುದೆಂದು ತಿಳಿಸಿತು. ನಲವತ್ತು ವರ್ಷದ ಹಿಂದೆ ಶಾಲೆ ಬಿಟ್ಟವರು, ಈಗ ತಾವೇ ಮಕ್ಕಳ ತಂದೆತಾಯಿ ಆದವರು, ತಮ್ಮ ಬಾಲ್ಯದ ದಾಖಲೆ ಕಳುವಾಯಿತೆಂಬ ಸೂಚನೆ ಪಡೆದರು. ಬೀಗ ಎಷ್ಟು ಭದ್ರವಾಗಿದ್ದರೂ ನಲವತ್ತು ವರ್ಷ ಒಮ್ಮೆಯೂ ಸೋಲದೆ ನಿಲ್ಲಬೇಕು ಎಂದು ಬಯಸುವುದು ಜಾಣತನವಲ್ಲ. ಕೆಲಸ ಮುಗಿದ ಮೇಲೆ ಅಳಿಸಿದ್ದರೆ ಅಲ್ಲಿ ಕದಿಯಲು ಏನೂ ಇರುತ್ತಿರಲಿಲ್ಲ.

ಈಗ ನಮ್ಮ ಕಡೆ ನೋಡೋಣ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಹಾಕಿದ ಅರ್ಜಿಯೇ ಇಷ್ಟು ದೂರ ಬಂದಿತ್ತು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ನ್ಯಾಯಾಲಯ ಆಧಾರ್ ಅನ್ನು ಒಟ್ಟಾರೆ ಎತ್ತಿಹಿಡಿದರೂ ಮಕ್ಕಳ ವಿಷಯದಲ್ಲಿ ಸ್ಪಷ್ಟ ಗೆರೆ ಎಳೆಯಿತು. ಶಾಲೆಗೆ ಸೇರಲು ಆಧಾರ್ ಕಡ್ಡಾಯ ಮಾಡುವಂತಿಲ್ಲ, ಏಕೆಂದರೆ ಶಿಕ್ಷಣ ಮಗುವಿನ ಹಕ್ಕು. ಸಿಬಿಎಸ್‌ಇ, ನೀಟ್, ಯುಜಿಸಿಯವರೂ ಕಡ್ಡಾಯ ಮಾಡುವಂತಿಲ್ಲ. ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ತಪ್ಪಿಸುವಂತಿಲ್ಲ. ಇಷ್ಟು ಹೇಳಿ ವರ್ಷಗಳೇ ಕಳೆದವು. ಇಂದಿಗೂ ಜೂನ್ ತಿಂಗಳಲ್ಲಿ ಯಾವ ಊರಿನ ಜೆರಾಕ್ಸ್ ಅಂಗಡಿಯ ಮುಂದೆ ನಿಂತರೂ ಆಧಾರ್ ಪ್ರತಿಗಳ ಕಟ್ಟು ಹಿಡಿದ ಪೋಷಕರೇ ಕಾಣುತ್ತಾರೆ. 2023ರಲ್ಲಿ ಬಂದ ಅಪಾರ್ ಎಂಬ ವಿದ್ಯಾರ್ಥಿ ಸಂಖ್ಯೆ ಐಚ್ಛಿಕ ಎಂದೇ ಕಾಗದದಲ್ಲಿದೆ, ಪೋಷಕರ ಸಮ್ಮತಿ ಪತ್ರವೂ ಇದೆ. ಆದರೆ ನೂರಕ್ಕೆ ನೂರು ಆಗಬೇಕು ಎಂದು ಮೇಲಿನಿಂದ ಗುರಿ ಬಂದಾಗ ಮುಖ್ಯೋಪಾಧ್ಯಾಯರು ಪೋಷಕರ ಮುಂದೆ ಆ ಪತ್ರವನ್ನು ಐಚ್ಛಿಕವೆಂದು ಇಡುವುದು ಹೇಗೆ?

ಅಸ್ಪಷ್ಟತೆ ಮೇಲಿನಿಂದಲೇ ಬಂದದ್ದಕ್ಕೆ ಬೆಂಗಳೂರಿನದೇ ಸಾಕ್ಷ್ಯವಿದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು: ಆಧಾರ್ ಪ್ರತಿಯನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರ್ಬಳಕೆಯಾದೀತು, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ ಆದ ಆಧಾರ್ ಬಳಸಿ. ಎರಡೇ ದಿನಕ್ಕೆ, ತಪ್ಪು ಅರ್ಥ ಬರಬಹುದೆಂದು ಕೇಂದ್ರ ಸಚಿವಾಲಯ ಅದನ್ನು ವಾಪಸು ಪಡೆಯಿತು. ಜನ ಎಂದಿನ ವಿವೇಕದಿಂದ ನಡೆದುಕೊಂಡರೆ ಸಾಕು ಎಂದಿತು. ಆ ಪ್ರಕಟಣೆಯಲ್ಲಿದ್ದ ಸಲಹೆ ಸರಿಯಾದದ್ದು, ವಾಪಸು ಪಡೆದದ್ದು ತಪ್ಪು ಎಂಬುದು ನನ್ನ ಅಭಿಪ್ರಾಯ. ಪೋಷಕರು ಎಷ್ಟೇ ವಿವೇಕದಿಂದ ನಡೆದರೂ ಕೌಂಟರ್‌ನಲ್ಲಿ ಕುಳಿತವರು ಪೂರ್ತಿ ಪ್ರತಿಯೇ ಬೇಕೆಂದರೆ ಅವರಿಗೆ ಬೇರೆ ದಾರಿಯಿಲ್ಲ. ವಿವೇಕವನ್ನು ಕೌಂಟರ್‌ನ ಒಳಗಿನವರಿಂದ ಕೇಳಬೇಕಿತ್ತು.

ಒಳಗಿನವರ ಅಜಾಗರೂಕತೆ ಎಷ್ಟು ದೊಡ್ಡದು ಎಂಬುದಕ್ಕೆ ಲೆಕ್ಕ ಇಟ್ಟವರು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆಂಡ್ ಸೊಸೈಟಿಯವರು. 2017ರ ಮೇ ತಿಂಗಳ ಅವರ ವರದಿಯ ಪ್ರಕಾರ ಪಿಂಚಣಿ, ಉದ್ಯೋಗ ಖಾತ್ರಿ ಮೊದಲಾದ ಯೋಜನೆಗಳ ನಾಲ್ಕು ಸರ್ಕಾರಿ ಜಾಲತಾಣಗಳಲ್ಲೇ ಅಂದಾಜು 13 ಕೋಟಿ ಆಧಾರ್ ಸಂಖ್ಯೆಗಳು ಬಹಿರಂಗವಾಗಿ ಬಿದ್ದಿದ್ದವು. ಅಲ್ಲಿ ಯಾರೂ ಕನ್ನ ಕೊರೆದಿರಲಿಲ್ಲ. ಇಲಾಖೆಗಳೇ ಫಲಾನುಭವಿಗಳ ಪಟ್ಟಿ ಎಂದು ಹಾಕಿದ್ದವು. ಅದೇ ವರ್ಷ ಸುಮಾರು 210 ಸರ್ಕಾರಿ ಜಾಲತಾಣಗಳು ಹೀಗೆ ಆಧಾರ್ ವಿವರ ಪ್ರಕಟಿಸಿದ್ದವೆಂದು ಆಧಾರ್ ಪ್ರಾಧಿಕಾರವೇ ಒಪ್ಪಿಕೊಂಡಿತು, ಶಿಕ್ಷಣ ಸಂಸ್ಥೆಗಳೂ ಆ ಎಣಿಕೆಯಲ್ಲಿದ್ದವು. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದೆಂದು 2016ರ ಆಧಾರ್ ಕಾಯ್ದೆಯ 29ನೇ ಕಲಮಿನಲ್ಲೇ ಇದೆ. ಇನ್ನು ಶಾಲಾ ಪಾಠಗಳ ದೀಕ್ಷಾ ಆ್ಯಪ್: ಅದರ ದತ್ತಾಂಶದ ಒಂದು ಸರ್ವರ್ ವರ್ಷಕ್ಕೂ ಹೆಚ್ಚು ಕಾಲ ಬೀಗವಿಲ್ಲದೆ ತೆರೆದಿತ್ತು ಎಂಬುದು 2023ರ ಜನವರಿಯಲ್ಲಿ ಹೊರಬಿತ್ತು. 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ಸಂಖ್ಯೆ, ಇ-ಮೇಲ್ ವಿಳಾಸ, ಸುಮಾರು 6 ಲಕ್ಷ ವಿದ್ಯಾರ್ಥಿಗಳ ಹೆಸರು, ಶಾಲೆ, ಪಾಠ ಎಷ್ಟು ಮುಗಿಸಿದರೆಂಬ ವಿವರ ಅದರಲ್ಲಿತ್ತು. ಕೊರೊನಾ ಕಾಲದಲ್ಲಿ ಬೇರೆ ದಾರಿಯಿಲ್ಲದೆ ಆ ಆ್ಯಪ್ ತೆರೆದ ಮಕ್ಕಳಿಗೆ ಓಟಿಪಿಯ ಬುದ್ಧಿವಾದ ಹೇಳಿ ಏನು ಪ್ರಯೋಜನ?

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಅತಿ ಗಟ್ಟಿಯಾದದ್ದು ವಂಚನೆಯದು. ಸರಿಯಾದ ಗುರುತಿನ ಸಂಖ್ಯೆ ಪಡೆಯದಿದ್ದರೆ ಇಲ್ಲದ ಮಕ್ಕಳ ಹೆಸರಿನಲ್ಲಿ ವಿದ್ಯಾರ್ಥಿವೇತನ ಹೋಗುತ್ತದೆ, ಬಡವರ ಹಣ ದಲ್ಲಾಳಿಗಳ ಪಾಲಾಗುತ್ತದೆ ಎನ್ನುತ್ತಾರೆ. ಈ ಕಾಳಜಿ ನಿಜವಾದದ್ದು. ಹಣ ವರ್ಗಾವಣೆಯ ಹಂತದಲ್ಲಿ ಆಧಾರ್ ಬೇಡವೆಂದು ನಾನೂ ಹೇಳುವುದಿಲ್ಲ. ಆದರೆ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಹಗರಣ ಏನು ಹೇಳುತ್ತದೆಂದು ನೋಡಿ. 2020ರಲ್ಲಿ ಜಾರ್ಖಂಡ್‌ನಲ್ಲಿ ಬಯಲಾದದ್ದು ಅದು: ದಲ್ಲಾಳಿಗಳು, ಶಾಲೆಯವರು, ಬ್ಯಾಂಕಿನವರು ಸೇರಿ ಬಡವರ ಆಧಾರ್ ಮತ್ತು ಬೆರಳಚ್ಚು ಪಡೆದು, ಅವರ ಹೆಸರಲ್ಲಿ ಬಂದ ಹಣದಲ್ಲಿ ಅವರಿಗೆ ಚಿಲ್ಲರೆ ಕೊಟ್ಟು ಉಳಿದದ್ದನ್ನು ನುಂಗುತ್ತಿದ್ದರು. 2023ರಲ್ಲಿ ಕೇಂದ್ರ ಸಚಿವಾಲಯ ದೇಶದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ವಂಚನೆಯಲ್ಲಿ ತೊಡಗಿದ್ದವೆಂದು ಕಂಡು, 144.83 ಕೋಟಿ ರೂಪಾಯಿ ನಷ್ಟವೆಂದು ಲೆಕ್ಕ ಹಾಕಿ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. ಕರ್ನಾಟಕದ ಸಂಸ್ಥೆಗಳೂ ಅದರಲ್ಲಿದ್ದವು. ವಂಚನೆ ತಡೆಯಬೇಕೆಂದು ಪಡೆದ ಗುರುತೇ ಇಲ್ಲಿ ವಂಚನೆಯ ಸಾಧನವಾಯಿತು. ಕಳ್ಳ ಸಂಸ್ಥೆಯ ಲಾಗಿನ್ ಒಳಗೇ ಕುಳಿತಿದ್ದ. ವಿದ್ಯಾರ್ಥಿಯ ಬೆರಳಚ್ಚನ್ನು ಮತ್ತೆ ಮತ್ತೆ ಪಡೆಯುವುದರಿಂದ ಇದು ನಿಲ್ಲದು. ಸಂಸ್ಥೆ ನಿಜವಾಗಿ ಇದೆಯೇ, ತರಗತಿಯಲ್ಲಿ ಮಕ್ಕಳಿದ್ದಾರೆಯೇ ಎಂದು ಅಧಿಕಾರಿ ಹೋಗಿ ನೋಡಿದರೆ ನಿಲ್ಲುತ್ತದೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಆಧಾರ್ ಒಮ್ಮೆ ಪರಿಶೀಲನೆಯಾದ ಮೇಲೆ ಅದರ ಪ್ರತಿ ಶಾಲೆಯ ಬೀರುವಿನಲ್ಲಿ, ಕಾಲೇಜಿನ ಎಕ್ಸೆಲ್ ಕಡತದಲ್ಲಿ, ತರಗತಿ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉಳಿಯಬೇಕಾದ ಕಾರಣ ಒಂದೂ ಇಲ್ಲ.

ಇನ್ನೊಂದು ಮಾತು ತಾಂತ್ರಿಕರಿಂದ ಬರುತ್ತದೆ: ಬರೀ ಆಧಾರ್ ಸಂಖ್ಯೆ ಗೊತ್ತಿದ್ದರೆ ಯಾರೂ ಏನೂ ಮಾಡಲಾರರು, ಬೆರಳಚ್ಚೋ ಓಟಿಪಿಯೋ ಬೇಕು. ಸಂಖ್ಯೆಯೊಂದೇ ಇದ್ದಾಗ ಈ ಮಾತು ಸರಿ. ಶಾಲೆಯ ಕಡತದಲ್ಲಿ ಅದು ಒಂಟಿಯಾಗಿ ಎಲ್ಲಿರುತ್ತದೆ? ಹೆಸರು, ಜನ್ಮದಿನಾಂಕ, ತಾಯಿಯ ಹೆಸರು, ಖಾತೆ ಸಂಖ್ಯೆ, ಜಾತಿ ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ, ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲಾಗಿದೆ ಎಂಬುದು, ಎಲ್ಲ ಒಂದೇ ಸಾಲಿನಲ್ಲಿ ಇರುತ್ತವೆ. ಈ ಸಾಲು ಕೈಯಲ್ಲಿದ್ದವನು ಫೋನ್ ಮಾಡಿ, ನಿಮ್ಮ ಮಗಳ ಇಂಥ ವಿದ್ಯಾರ್ಥಿವೇತನ ಮಂಜೂರಾಗಿದೆ, ಇಂಥ ಖಾತೆಗೆ ಹಾಕುತ್ತೇವೆ, ಬಂದ ಓಟಿಪಿ ಹೇಳಿ ಎಂದರೆ ಓದು ಬಲ್ಲ ತಂದೆಯೂ ನಂಬುತ್ತಾನೆ. ಓಟಿಪಿಯನ್ನು ಬಾಯಿಬಿಡಿಸುವುದು ಆ ಸಾಲಿನಲ್ಲಿರುವ ವಿವರಗಳೇ. ಮೋಸ ಹೋದವರನ್ನು ಅಜಾಗರೂಕರೆಂದು ಹಳಿಯುವ ಮುನ್ನ ಕರೆ ಮಾಡಿದವನಿಗೆ ಇಷ್ಟು ವಿವರ ಎಲ್ಲಿಂದ ಸಿಕ್ಕಿತು ಎಂದು ಕೇಳಬೇಕು.

ಪಾರದರ್ಶಕತೆಯ ಹೆಸರಿನಲ್ಲಿ ಕೇಳುವ ಆಕ್ಷೇಪವೂ ಇದೆ. ಸೀಟು ಯಾರಿಗೆ ಸಿಕ್ಕಿತು, ನೆರವು ಯಾರಿಗೆ ಹೋಯಿತು ಎಂದು ಊರಿಗೆ ಗೊತ್ತಾಗಬೇಡವೇ? ಗೊತ್ತಾಗಬೇಕು. ಅದಕ್ಕೆ ಅರ್ಜಿ ಸಂಖ್ಯೆ, ಅಂಕ, ಮೀಸಲಾತಿಯ ವರ್ಗ ಸಾಕು. ಹಿಂದೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಂದಣಿ ಸಂಖ್ಯೆಗಳ ಸಾಲಾಗಿಯೇ ಪ್ರಕಟವಾಗುತ್ತಿತ್ತು. ಯಾರಿಗೂ ಅದರಲ್ಲಿ ಪಾರದರ್ಶಕತೆ ಕಡಿಮೆಯಾಯಿತು ಎನಿಸಿರಲಿಲ್ಲ, ಅನುತ್ತೀರ್ಣ ಹುಡುಗನ ಮಾನವೂ ಉಳಿಯುತ್ತಿತ್ತು. ಈಗ ಪಟ್ಟಿಯನ್ನು ಪಿಡಿಎಫ್ ಮಾಡಿ ಹಾಕುವುದು ಸುಲಭವಾಗಿರುವುದರಿಂದ, ಕಚೇರಿಯ ಕಡತದಲ್ಲಿದ್ದ ಅಂಕಣಗಳೆಲ್ಲ ಹಾಗೆಯೇ ಜಾಲತಾಣಕ್ಕೆ ಏರುತ್ತವೆ. ಅಂಕಣ ಅಳಿಸುವ ಎರಡು ನಿಮಿಷದ ಕೆಲಸವನ್ನು ಯಾರೂ ತಮ್ಮದೆಂದುಕೊಳ್ಳುವುದಿಲ್ಲ.

ಹಳ್ಳಿ ಶಾಲೆಯ ಶಿಕ್ಷಕರ ಮೇಲೆ ಇನ್ನೊಂದು ಹೊರೆ ಹೊರಿಸಬೇಡಿ ಎಂಬ ಮಾತಿಗೆ ನನ್ನ ಪೂರ್ಣ ಸಹಾನುಭೂತಿ ಇದೆ. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ, ಯುಡೈಸ್ ನಮೂನೆ ಎಲ್ಲವೂ ಅವರ ತಲೆಗೇ ಬಂದಿವೆ. ಆದರೆ ನಾನು ಹೇಳುತ್ತಿರುವುದು ಕೆಲಸ ಕಡಿಮೆ ಮಾಡುವ ಮಾತು. ಕೇಳದ ಕಾಗದವನ್ನು ಜೋಡಿಸಬೇಕಿಲ್ಲ, ತುಂಬಬೇಕಿಲ್ಲ, ಕಾಯಬೇಕಿಲ್ಲ. ಕರ್ನಾಟಕದಲ್ಲಿ ಪ್ರತಿ ಮಗುವಿಗೂ ಸ್ಯಾಟ್ಸ್ ಎಂಬ ವಿದ್ಯಾರ್ಥಿ ಸಂಖ್ಯೆ ಈಗಾಗಲೇ ಇದೆ. ವರ್ಗಾವಣೆ, ಹಾಜರಿ, ಪರೀಕ್ಷೆ, ಸಮವಸ್ತ್ರ, ಪುಸ್ತಕ ಯಾವುದಕ್ಕೂ ಅದು ಸಾಕು. ತಾಂತ್ರಿಕ ಕಾಲೇಜುಗಳಲ್ಲಿ ಯು.ಎಸ್.ಎನ್. ಇದೆ. ಶಾಲೆಯೊಳಗಿನ ಸಂಖ್ಯೆ ಕಳುವಾದರೂ ಅದರಿಂದ ಸಿಮ್ ಕೊಳ್ಳಲಾಗದು, ಸಾಲ ಎತ್ತಲಾಗದು, ಕಂಪನಿ ಕಟ್ಟಲಾಗದು. ಅಮೆರಿಕದ ವಿಶ್ವವಿದ್ಯಾಲಯಗಳು ದಶಕಗಳ ಮೇಲೆ ಹಣ ಸುರಿದು ಮಾಡಿಕೊಂಡ ವ್ಯವಸ್ಥೆ ನಮ್ಮಲ್ಲಿ ಮೊದಲೇ ಇದೆ. ಅದನ್ನು ಪಕ್ಕಕ್ಕಿಟ್ಟು ಆಧಾರ್ ಕೇಳುತ್ತಿರುವುದು ನಮ್ಮ ಆಯ್ಕೆ.

ಕಾನೂನು ಈಗ ಬಂದಿದೆಯಲ್ಲ, ಅದು ನೋಡಿಕೊಳ್ಳುತ್ತದೆ ಎಂದು ಕೆಲವರು ನಿರಾಳರಾಗಿದ್ದಾರೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವು ಇದೆ. 18 ವರ್ಷ ತುಂಬದವರ ಮಾಹಿತಿಗೆ ಪೋಷಕರ ಪರಿಶೀಲಿತ ಸಮ್ಮತಿ ಬೇಕು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಸೋರಿಕೆಯಾದರೆ ಸಂಬಂಧಪಟ್ಟವರಿಗೆಲ್ಲ ತಿಳಿಸಲೇಬೇಕು. ಇವು ಒಳ್ಳೆಯ ಅಂಶಗಳು, ವಿಶೇಷವಾಗಿ ಕೊನೆಯದು. ಆದರೆ ಸೀಟಿನ ಮುಂದೆ ನಿಂತ ತಾಯಿ ಹಾಕುವ ಸಹಿಯನ್ನು ಸಮ್ಮತಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೇಡ ಎನ್ನುವ ಅವಕಾಶವಿಲ್ಲದ ಕಡೆ ಸಹಿಯಿಂದ ಮಗುವಿಗೆ ರಕ್ಷಣೆ ಸಿಗುವುದಿಲ್ಲ, ಸಂಸ್ಥೆಗೆ ಮಾತ್ರ ಸಿಗುತ್ತದೆ. ಅದೇ ಕಾಯ್ದೆಯ 6ನೇ ಕಲಮಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಮಾತಿದೆ: ಹೇಳಿದ ಉದ್ದೇಶಕ್ಕೆ ಎಷ್ಟು ಮಾಹಿತಿ ಅಗತ್ಯವೋ ಅಷ್ಟಕ್ಕೆ ಮಾತ್ರ ಸಮ್ಮತಿ ಅನ್ವಯಿಸುತ್ತದೆ. ಸರ್ಕಾರ ನೆರವು ಕೊಡುವ ಸಂದರ್ಭಗಳಿಗೆ ಸಮ್ಮತಿಯಿಂದಲೇ ವಿನಾಯಿತಿ ಇರುವುದರಿಂದ ಅಲ್ಲಿ ಈ ಮಿತಿಯನ್ನು ಇಲಾಖೆಗಳು ತಾವಾಗಿಯೇ ಹಾಕಿಕೊಳ್ಳಬೇಕಾಗುತ್ತದೆ. ದಂಡದ ಭಯಕ್ಕಿಂತ ಈ ಅಗತ್ಯದ ಅಳತೆಯನ್ನೇ ಶಿಕ್ಷಣ ಇಲಾಖೆ ಸುತ್ತೋಲೆಯಾಗಿ ಕಳಿಸಿದರೆ ಹೆಚ್ಚು ಕೆಲಸವಾದೀತು.

ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾದದ್ದು ಸ್ವಲ್ಪವೇ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ಸಾಲದ ದಾಖಲೆಯ ವರದಿ ವರ್ಷಕ್ಕೊಮ್ಮೆ ಉಚಿತ. ಬೆರಳಚ್ಚನ್ನು ಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಬಹುದು. ಮೋಸವಾದ ಕೂಡಲೇ ಕರೆ ಮಾಡಬೇಕಾದ ಸಂಖ್ಯೆ 1930. ಬ್ಯಾಂಕ್ ಖಾತೆಯನ್ನು ನಾಲ್ಕು ಕಾಸಿಗೆ ಯಾರಿಗೂ ಬಳಸಲು ಕೊಡಬೇಡಿ, ಪೊಲೀಸರು ಬರುವುದು ನಿಮ್ಮ ಮನೆಗೆ.

ಉಳಿದ ಮಾತು ಮುಖ್ಯೋಪಾಧ್ಯಾಯರಿಗೆ, ಪ್ರಾಂಶುಪಾಲರಿಗೆ, ಆಡಳಿತ ಮಂಡಳಿಗಳಿಗೆ. ಬರುವ ವರ್ಷದ ದಾಖಲಾತಿ ಅರ್ಜಿ ಅಚ್ಚಿಗೆ ಹೋಗುವ ಮುನ್ನ ಅದನ್ನು ಒಮ್ಮೆ ಎದುರಿಗಿಟ್ಟುಕೊಂಡು ಕುಳಿತುಕೊಳ್ಳಿ. ಪ್ರತಿ ಅಂಕಣದ ಪಕ್ಕದಲ್ಲಿ ಈ ಮಾಹಿತಿ ಯಾವ ಕೆಲಸಕ್ಕೆ ಬೇಕು, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಉತ್ತರ ಬರೆಯಲಾಗದ ಅಂಕಣಗಳನ್ನು ಹೊಡೆದುಹಾಕಿ. ಸೀಟು ಸಿಗದವರ ಅರ್ಜಿಗಳನ್ನು ಆ ವರ್ಷವೇ ನಾಶಮಾಡಿ, ಹಳೆಯ ಆಧಾರ್ ಪ್ರತಿಗಳ ಕಟ್ಟುಗಳನ್ನು ರದ್ದಿಗೆ ಹಾಕದೆ ಹರಿದು ಹಾಕಿಸಿ. ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ, ಹೊಸ ತಂತ್ರಾಂಶ ಬೇಕಿಲ್ಲ, ಮೇಲಿನವರ ಆದೇಶಕ್ಕೆ ಕಾಯಬೇಕಿಲ್ಲ. ಈ ಜೂನ್‌ಗೆ ಮುಂಚೆ ಮಾಡಿ ಮುಗಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.